ಕೊಗ್ಗಿಯ ಹೂ

ತಿಪಟೂರಿನಿಂದ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಹೊರಟವರ ಕಣ್ಣು ತೆಂಗಿನ ತಲೆಯ ಮೇಲೇ ಇರುತ್ತದೆ. ಕೆಳಗೆ ಬದುವಿನಲ್ಲಿ ನೇರಳೆಗೆಂಪು ಹೂ ಬಿಟ್ಟು ನಿಂತ ಮೊಣಕಾಲೆತ್ತರದ ಕೊಗ್ಗಿ ಗಿಡವನ್ನು ನೋಡುವವರು ಕಡಿಮೆ. ಅದರ ಪುಟ್ಟ ಎಲೆಯ ತುದಿ ಹಿಡಿದೆಳೆದರೆ ನೇರವಾಗಿ ಹರಿಯದು. ಬಾಣದ ಗರಿಯಂತೆ ಕವಲಾಗಿ ಹರಿಯುತ್ತದೆ. ಸಂಸ್ಕೃತದಲ್ಲಿ ‘ಶರಪುಂಖ’ ಎಂದದ್ದು ಅದಕ್ಕೇ. ಅವರೆ, ಹುರುಳಿಗಳ ಕುಲದ್ದೇ ಗಿಡ. ಅಮೆರಿಕದ ಹುಲ್ಲುಗಾವಲುಗಳಲ್ಲೂ ಇದರ ದಾಯಾದಿಯೊಂದುಂಟು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಹೂ ಬಿಡುವ ಹೊತ್ತಿಗೆ ಕೊಯ್ದು ತೆಂಗಿನ ಪಾತಿಗೆ ಹಾಕಿ ಮಣ್ಣು ಮುಚ್ಚಿದರೆ ಕಾಸಿಲ್ಲದ ಗೊಬ್ಬರ. ಮಳೆ ಕೈಕೊಟ್ಟ ವರ್ಷವೂ ಸುಲಭಕ್ಕೆ ಒಣಗದ ಇದಕ್ಕೆ ಕಳೆಯೆಂಬ ಹೆಸರು ಯಾರಿಟ್ಟರೋ! ತೋಟ ಚೊಕ್ಕಟವಾಗಿರಬೇಕೆಂದು ಟ್ರ್ಯಾಕ್ಟರ್ ಹೊಡೆಸಿ ಬೇರುಸಹಿತ ಕಿತ್ತೆಸೆಯುವ ರೈತರೇ, ಮರ ಸೊರಗಿತೆಂದು ಪೇಟೆಗೆ ಹೋಗಿ ಯೂರಿಯಾ ಮೂಟೆ ತರುತ್ತಾರೆ.