‘ಸಿಸ್ಟಮ್ಮಲ್ಲಿ ಕನ್ನಡ ಬರ್ತಿಲ್ಲ’ ಅಂದರೆ ಸುಮ್ಮನೆ ವಾಪಸ್ ಬರಬೇಡಿ

ಪಂಚಾಯಿತಿ ಕಚೇರಿಯಲ್ಲೋ, ಹೋಬಳಿಯ ಸೇವಾ ಕೇಂದ್ರದಲ್ಲೋ, ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೋ ಈ ಮಾತು ನೀವೂ ಕೇಳಿರುತ್ತೀರಿ. ‘ಸಿಸ್ಟಮ್ಮಲ್ಲಿ ಕನ್ನಡ ಬರ್ತಿಲ್ಲ, ನಾಳೆ ಬನ್ನಿ.’ ನಿಮ್ಮ ಫೋನಿನಲ್ಲಿ ಅದೇ ಪುಟ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅವರ ದೊಡ್ಡ ಪರದೆಯಲ್ಲಿ ಮಾತ್ರ ಸಾಲು ಸಾಲು ಚೌಕ, ಇಲ್ಲವೇ ಚುಕ್ಕಿಗಳ ಉಂಗುರ, ಇಲ್ಲವೇ ಯಾವ ಭಾಷೆಗೂ ಸೇರದ ಇಂಗ್ಲಿಷ್ ಅಕ್ಷರಗಳು. ನಾಳೆ ಹೋದರೂ ಅದೇ ಚೌಕ ಇರುತ್ತದೆ. ಇದು ಸರ್ವರ್ ಡೌನ್ ಅಲ್ಲ, ಕಾದರೆ ಸರಿಹೋಗಲು.

ನನ್ನ ಪ್ರಕಾರ ಇದರಲ್ಲಿ ಬಹುಪಾಲು ಹತ್ತು ನಿಮಿಷದ ಕೆಲಸ. ಉಳಿದದ್ದು ಕಂಪ್ಯೂಟರಿನ ತಪ್ಪೇ ಅಲ್ಲ, ಬರಹವನ್ನು ಹಾಕಿದವರ ತಪ್ಪು. ಎರಡನ್ನೂ ಬೇರೆ ಮಾಡಿ ನೋಡಲು ನೀವು ಇಂಜಿನಿಯರ್ ಆಗಬೇಕಿಲ್ಲ. ಅಕ್ಷರ ಹೇಗೆ ಕೆಟ್ಟಿದೆ ಎಂದು ನೋಡಿದರೆ ಸಾಕು.

ಮೊದಲು ಒಂದು ಪರೀಕ್ಷೆ. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಕನ್ನಡ ವಿಕಿಪೀಡಿಯ ತೆರೆಯಲು ಹೇಳಿ. ಅಲ್ಲೂ ಕನ್ನಡ ಕೆಟ್ಟಿದ್ದರೆ ತೊಂದರೆ ಕಂಪ್ಯೂಟರಿನದು. ಅಲ್ಲಿ ಸರಿಯಿದ್ದು ನಿಮಗೆ ಬೇಕಾದ ಪುಟ ಮಾತ್ರ ಕೆಟ್ಟಿದ್ದರೆ ತೊಂದರೆ ಬಹುಶಃ ಆ ಪುಟದ್ದು. ಅದೇ ಲಿಂಕನ್ನು ನಿಮ್ಮ ಫೋನಿನಲ್ಲೂ ತೆರೆದು ಪಕ್ಕಕ್ಕಿಡಿ. ಆಂಡ್ರಾಯ್ಡ್ ಫೋನಿನ ಜೊತೆಗೇ ಕನ್ನಡ ಫಾಂಟ್ ಬಂದಿರುತ್ತದೆ, ಹಾಗಾಗಿ ಅಳತೆಗೋಲು ನಿಮ್ಮ ಜೇಬಿನಲ್ಲೇ ಇದೆ.

ಚೌಕಗಳು ಕಂಡರೆ, ಬರಹ ಸರಿಯಾಗಿಯೇ ಬಂದು ತಲುಪಿದೆ, ಅದನ್ನು ತೋರಿಸಲು ಕನ್ನಡ ಫಾಂಟ್ ಇಲ್ಲ ಎಂದು ಅರ್ಥ. ಫಾಂಟ್ ಮಾಡುವವರು ಈ ಚೌಕವನ್ನು ತೋಫು ಅನ್ನುತ್ತಾರೆ. ಗೂಗಲ್ ತನ್ನ ಫಾಂಟುಗಳಿಗೆ ನೋಟೊ ಎಂದು ಹೆಸರಿಟ್ಟದ್ದೇ ‘ನೋ ತೋಫು’ ಎಂಬುದರಿಂದ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗಲೇ ಅದರಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಇತ್ತು. 2012ರ ವಿಂಡೋಸ್ 8ರಿಂದ ನಿರ್ಮಲಾ ಯುಐ ಎಂಬ ಫಾಂಟ್ ಬರುತ್ತಿದೆ. ಅಂದಮೇಲೆ ವಿಂಡೋಸ್ 10 ಹಾಕಿದ ಕಂಪ್ಯೂಟರಿನಲ್ಲಿ ಚೌಕ ಕಾಣಬಾರದು. ಕಂಡರೆ ಯಾರೋ ಫಾಂಟ್ ಅಳಿಸಿದ್ದಾರೆ ಅಥವಾ ಬ್ರೌಸರಿನ ಸೆಟ್ಟಿಂಗ್ ಕೆಡಿಸಿದ್ದಾರೆ. ವಿಂಡೋಸಿನ ‘ಆಪ್ಷನಲ್ ಫೀಚರ್ಸ್’ಗೆ ಹೋಗಿ ಕನ್ನಡದ ಹೆಚ್ಚುವರಿ ಫಾಂಟ್ ಸೇರಿಸಬಹುದು. ಲಿನಕ್ಸ್ ಇದ್ದರೆ ಲೋಹಿತ್ ಕನ್ನಡ ಅಥವಾ ನೋಟೊ ಸಾನ್ಸ್ ಕನ್ನಡ ಹಾಕಿಕೊಳ್ಳಲಿ. ಎರಡಕ್ಕೂ ದುಡ್ಡಿಲ್ಲ. ಹಾಕಿದ ಮೇಲೆ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಬೇಕು, ಇಲ್ಲದಿದ್ದರೆ ಚೌಕ ಹಾಗೇ ಉಳಿದು ‘ಹಾಕಿದ್ರೂ ಬರ್ಲಿಲ್ಲ ನೋಡಿ’ ಅನ್ನುತ್ತಾರೆ.

ಫೈರ್‌ಫಾಕ್ಸಿನಲ್ಲಿ ಇನ್ನೊಂದು ಅನುಕೂಲವಿದೆ. ಸೆಟ್ಟಿಂಗಿನ ಫಾಂಟ್ ವಿಭಾಗದಲ್ಲಿ ‘ಅಡ್ವಾನ್ಸ್ಡ್’ ಒತ್ತಿದರೆ ಕನ್ನಡಕ್ಕೆಂದೇ ಬೇರೆ ಫಾಂಟ್ ಆರಿಸಬಹುದು. ಕ್ರೋಮಿನಲ್ಲಿ ‘ಕಸ್ಟಮೈಸ್ ಫಾಂಟ್ಸ್’ ಎಂದಿದೆ, ಅದರಲ್ಲಿ ಭಾಷೆವಾರು ಆಯ್ಕೆ ಇಲ್ಲ. ಇಲ್ಲೊಂದು ತಮಾಷೆ ನಡೆಯುತ್ತದೆ. ಕನ್ನಡ ಬರಲಿ ಎಂದು ಯಾರೋ ಅಲ್ಲಿ ನುಡಿಯ ಹಳೆಯ ಆಸ್ಕಿ ಫಾಂಟ್ ಆರಿಸಿಟ್ಟಿರುತ್ತಾರೆ. ಆಗ ಎಷ್ಟೋ ಇಂಗ್ಲಿಷ್ ಪುಟಗಳು ಅರ್ಥವಿಲ್ಲದ ಕನ್ನಡ ತುಂಡುಗಳಾಗಿ ಕಾಣುತ್ತವೆ. ವೈರಸ್ ಬಂದಿದೆ ಎಂದು ಫಾರ್ಮ್ಯಾಟ್ ಹೊಡೆಸುವ ಮೊದಲು ಆ ಆಯ್ಕೆಯನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ ನೋಡಲಿ.

ಚುಕ್ಕಿಗಳ ಉಂಗುರದ ಕತೆ ಬೇರೆ. ದೀರ್ಘವೋ ಕೊಂಬೋ ತನ್ನ ಅಕ್ಷರ ಸಿಗದೆ ಒಂಟಿಯಾಗಿ ನಿಂತರೆ ಬ್ರೌಸರು ‘ಇಲ್ಲಿ ಅಕ್ಷರ ಕಾಣೆಯಾಗಿದೆ’ ಎಂದು ಉಂಗುರ ಹಾಕಿ ತೋರಿಸುತ್ತದೆ. ಒಂದೇ ಅಕ್ಷರಕ್ಕೆ ಸಲ್ಲದ ಎರಡು ಗುಣಿತ ಚಿಹ್ನೆ ಬಿದ್ದರೂ ಹಾಗೇ. ಇದಕ್ಕೆ ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಟೈಪಿಸಿದ್ದೇ ತಪ್ಪು, ಅಥವಾ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಕೆಟ್ಟಿದೆ. ತಲೆಬರಹದ ಒತ್ತಕ್ಷರಗಳ ಬುಡ ಕತ್ತರಿಸಿದಂತೆ ಕಂಡರೆ ಅದೂ ಪುಟ ಮಾಡಿದವರದ್ದೇ. ಇಂಗ್ಲಿಷ್ ಅಕ್ಷರದ ಎತ್ತರ ಲೆಕ್ಕ ಹಾಕಿ ಸಾಲಿನ ಅಂತರ ಇಟ್ಟಿರುತ್ತಾರೆ, ನಮ್ಮ ಒತ್ತು ಕೆಳಗೆ ಇಳಿಯುತ್ತದೆ ಅನ್ನುವುದು ನೆನಪೇ ಇರುವುದಿಲ್ಲ. ಫೈರ್‌ಫಾಕ್ಸಿನ ರೀಡರ್ ವ್ಯೂ ತೆರೆದರೆ ಓದಲು ಬರುತ್ತದೆ.

ಇನ್ನು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇದರಲ್ಲಿ ಎರಡು ಜಾತಿ. ತಲೆಯ ಮೇಲೆ ಗೀಟಿರುವ ಸಣ್ಣ ಎ, ಅದರ ಹಿಂದೆಯೇ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಬರುತ್ತಿದ್ದರೆ ಅದು ಒಳ್ಳೆಯ ಯೂನಿಕೋಡ್ ಕನ್ನಡವೇ. ಒಂದೊಂದು ಕನ್ನಡ ಚಿಹ್ನೆಯೂ ಮೂರು ಬೈಟುಗಳಾಗಿ ಬರುತ್ತದೆ, ಬ್ರೌಸರು ಅವನ್ನು ಕೂಡಿಸದೆ ಬಿಡಿಬಿಡಿಯಾಗಿ ಓದಿದೆ. ಫೈರ್‌ಫಾಕ್ಸಿನ ವ್ಯೂ ಮೆನುವಿನಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಎಂದಿದೆ. ಮೆನು ಕಾಣದಿದ್ದರೆ ಆಲ್ಟ್ ಕೀ ಒತ್ತಬೇಕು. ಎಷ್ಟೋ ಸಲ ಒಂದೇ ಕ್ಲಿಕ್ಕಿಗೆ ಸರಿಯಾಗುತ್ತದೆ.

ಎರಡನೆಯ ಜಾತಿಯಲ್ಲಿ ಗೀಟಿರುವ ದೊಡ್ಡ ಎ ಇರುತ್ತದೆ, ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು. ‘ಕನ್ನಡ’ ಎಂದು ನುಡಿಯ ಆಸ್ಕಿ ಫಾಂಟಿನಲ್ಲಿ ಬರೆದು ಆ ಫಾಂಟ್ ತೆಗೆದುಬಿಟ್ಟರೆ ಪಿ, ಗೀಟಿನ ಎ, ಪೌಂಡು ಹೀಗೆ ಸಾಲಾಗಿ ನಿಲ್ಲುತ್ತವೆ. ಅಂದರೆ ಅಲ್ಲಿ ಮೊದಲಿಂದಲೂ ಕನ್ನಡ ಇರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ಹಾಕಿತ್ತು ಅಷ್ಟೆ.

ಹೀಗೆ ಬರೆದದ್ದಕ್ಕೆ ನುಡಿ, ಬರಹ ತಂತ್ರಾಂಶಗಳನ್ನು ಬೈಯುವುದು ಕೃತಘ್ನತೆ. ಕಂಪ್ಯೂಟರುಗಳಿಗೆ ಕನ್ನಡವೇ ಗೊತ್ತಿಲ್ಲದ ಕಾಲದಲ್ಲಿ ನಮ್ಮ ಪತ್ರಿಕೆ, ಕಚೇರಿ ನಡೆದದ್ದು ಅವುಗಳಿಂದ. ಆದರೆ ಕನ್ನಡ 1991ರ ಮೊದಲ ಯೂನಿಕೋಡಿನಲ್ಲೇ ಇದೆ. ಇ-ಆಡಳಿತದಲ್ಲಿ ಭಾರತೀಯ ಭಾಷೆಗಳಿಗೆ ಯೂನಿಕೋಡೇ ಮಾನದಂಡ ಎಂದು ಕೇಂದ್ರ ಸರ್ಕಾರ 2009ರಲ್ಲಿ ಹೇಳಿದೆ. ನುಡಿ, ಬರಹಗಳಲ್ಲೇ ಈಗ ಯೂನಿಕೋಡಿನಲ್ಲಿ ಟೈಪ್ ಮಾಡಬಹುದು, ಕೀಲಿಮಣೆಯ ಅಭ್ಯಾಸವನ್ನೂ ಬದಲಿಸಬೇಕಿಲ್ಲ. ಇನ್ನೂ ಆಸ್ಕಿಯಲ್ಲಿ ಪಟ್ಟಿ ಮಾಡುವುದು ಬರೀ ರೂಢಿ.

ಆ ರೂಢಿಯ ಬೆಲೆ ತೆರುವವರು ನೀವು. ಫಲಾನುಭವಿಗಳ ಪಟ್ಟಿಯನ್ನು ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡುತ್ತಾರೆ. ಪಿಡಿಎಫ್ ಒಳಗೆ ಫಾಂಟೂ ಸೇರಿರುವುದರಿಂದ ಕಣ್ಣಿಗೆ ಚೆಂದದ ಕನ್ನಡ. ಆಪರೇಟರ್ ಕಂಟ್ರೋಲ್ ಎಫ್ ಒತ್ತಿ ನಿಮ್ಮ ಹೆಸರು ಟೈಪ್ ಮಾಡುತ್ತಾನೆ. ಹುಡುಕುವುದು ಕನ್ನಡದ ಹೆಸರನ್ನು, ಒಳಗಿರುವುದು ಪೌಂಡು ಗುರುತು. ‘ನಿಮ್ಮ ಹೆಸರಿಲ್ಲ’ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಪರದೆ ಹೇಳಿದ್ದನ್ನೇ ಹೇಳುತ್ತಿದ್ದಾನೆ. ಹೆಸರು ಮೂರನೇ ಪುಟದಲ್ಲಿ ಕೂತಿರುತ್ತದೆ, ಆ ಮನುಷ್ಯ ಬಸ್ ಹತ್ತಿ ಊರಿಗೆ ಹೋಗಿರುತ್ತಾನೆ. ಚೌಕ ಕಂಡರೆ ಏನೋ ಕೆಟ್ಟಿದೆ ಎಂದಾದರೂ ತಿಳಿಯುತ್ತದೆ, ಇಲ್ಲಿ ಕೆಟ್ಟಿರುವುದೇ ಕಾಣುವುದಿಲ್ಲ. ನಾನು ವರದಿಗೆಂದು ತೆರೆಯುವ ಪಟ್ಟಿಗಳಲ್ಲಿ ಇದು ಸಾಮಾನ್ಯ.

ಪತ್ತೆ ಮಾಡುವುದು ಸುಲಭ. ಪಟ್ಟಿಯ ಒಂದು ಹೆಸರನ್ನು ಕಾಪಿ ಮಾಡಿ ಗೂಗಲ್ ಹುಡುಕುವ ಜಾಗದಲ್ಲೋ ವಾಟ್ಸ್ಆ್ಯಪಿನಲ್ಲೋ ಪೇಸ್ಟ್ ಮಾಡಿ. ಪೌಂಡು, ಗೀಟಿನ ಎ ಬಂದರೆ ಅದು ಆಸ್ಕಿ. ಏನೂ ಕಾಪಿ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಎರಡರಲ್ಲೂ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡಿನ ಪಿಡಿಎಫ್‌ನಲ್ಲೂ ಒತ್ತಕ್ಷರ ಇರುವ ಹೆಸರು ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಆಪರೇಟರ್ ‘ಇಲ್ಲ’ ಎಂದಾಗ ಪಟ್ಟಿಯ ಕ್ರಮಸಂಖ್ಯೆ ಹಿಡಿದು ಸಾಲು ಸಾಲಾಗಿ ತೋರಿಸಲು ಕೇಳಿ. ಅರ್ಜಿ ಸಂಖ್ಯೆಯೋ ರೇಷನ್ ಕಾರ್ಡ್ ಸಂಖ್ಯೆಯೋ ಪಟ್ಟಿಯಲ್ಲಿದ್ದರೆ ಅದನ್ನೂ ಹಾಕಿಸಿ ನೋಡಿ.

ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುವಾಗ ಇದನ್ನೂ ಒಂದು ಬೇಡಿಕೆಯಾಗಿ ಬರೆಸಬಹುದು: ಪಟ್ಟಿಗಳು ಯೂನಿಕೋಡಿನಲ್ಲಿರಲಿ, ಎಕ್ಸೆಲ್ ಪ್ರತಿಯನ್ನೂ ಹಾಕಲಿ. ಹಳೆಯ ಪಟ್ಟಿಗಳನ್ನು ಬದಲಿಸಲು ಪರಿವರ್ತಕ ತಂತ್ರಾಂಶಗಳಿವೆ. ಆದರೆ ಬದಲಿಸಿದ ಮೇಲೆ ಯಾರಾದರೂ ಒಬ್ಬರು ಕೂತು ಹೆಸರುಗಳನ್ನು ಓದಬೇಕು, ಅದರಲ್ಲೂ ಅರ್ಕಾವತ್ತು ಇರುವವನ್ನು. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ರ ಬರಬೇಕು. ಅದು ಜಾಗ ತಪ್ಪಿದರೆ ದುರ್ಗಪ್ಪನ ಹೆಸರು ದುರ್ಗಪ್ಪನಿಗೇ ಸಿಗುವುದಿಲ್ಲ.