ಕಾಣದ್ದೆಲ್ಲ ದೆವ್ವವಲ್ಲ

ಸಂಘದ ಕಾರ್ಯಕ್ರಮ ಮುಗಿಸಿ ಲೋಕಲ್ ಗಾಡಿಯಲ್ಲಿ ಮನೆಗೆ ಮರಳುವಾಗ ಹಿರಿಯ ಮಿತ್ರರೊಬ್ಬರು ನನ್ನನ್ನು ಕೆಣಕಿದರು. “ಜಾತಕ ನೋಡಬೇಡಿ, ಗ್ರಹಶಾಂತಿ ಮಾಡಿಸಬೇಡಿ, ಕಾಣದ್ದನ್ನು ನಂಬಬೇಡಿ ಎಂದು ಭಾಷಣ ಬಿಗಿಯುತ್ತೀರಿ. ನಿಮ್ಮ ವಿಜ್ಞಾನಿಗಳೋ, ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಯಾರ ಕಣ್ಣಿಗೂ ಬೀಳದ ಕಪ್ಪು ದ್ರವ್ಯ ಎನ್ನುತ್ತಾರೆ. ಅದಕ್ಕೂ ನಮ್ಮೂರ ಹುಣಿಸೆಮರದ ದೆವ್ವಕ್ಕೂ ಏನು ವ್ಯತ್ಯಾಸ?” ಸುತ್ತಲಿದ್ದವರು ನಕ್ಕರು. ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿರುವ ಅವರ ಮಗಳು ನಗಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಹುಡುಗಿಯ ಸಲುವಾಗಿ ಈ ನಾಲ್ಕು ಮಾತು.

ಪ್ರಶ್ನೆಯೇನೋ ಒಳ್ಳೆಯದೇ. ಆದರೆ ನನ್ನ ಮಿತ್ರರು ಅನುಮಾನಪಡುತ್ತಿರಲಿಲ್ಲ. ಬೇರೆಯವರ ಅನುಮಾನವನ್ನು ಎರವಲು ತಂದು ತಮ್ಮ ನಂಬಿಕೆಗೆ ಊರುಗೋಲು ಮಾಡಿಕೊಳ್ಳುತ್ತಿದ್ದರು. ನನ್ನ ತಕರಾರು ಇರುವುದು ಅಲ್ಲಿ.

ಸಂಘದ ಖಜಾಂಚಿ ವರ್ಷದ ಲೆಕ್ಕ ಒಪ್ಪಿಸುವಾಗ ತಾಳೆ ಬೀಳದಿದ್ದರೆ ಎರಡು ಸಾಧ್ಯತೆ: ಬರೆಯದೆ ಉಳಿದ ಬಾಬು ಎಲ್ಲೋ ಇದೆ, ಇಲ್ಲವೆ ಕೂಡಿದ ಕ್ರಮವೇ ತಪ್ಪು. ಆಕಾಶದ ಲೆಕ್ಕದಲ್ಲಿ ಇಂಥ ಕೊರತೆಯನ್ನು 1933ರಲ್ಲಿ ಫ್ರಿಟ್ಜ್ ಜ್ವಿಕಿ ತೋರಿಸಿದರು. ಕೋಮಾ ಗುಚ್ಛದ ಗೆಲಾಕ್ಸಿಗಳ ವೇಗ ನೋಡಿದರೆ, ಕಾಣುವ ದ್ರವ್ಯದ ಸೆಳೆತವೊಂದೇ ಇದ್ದಿದ್ದರೆ ಆ ಗುಚ್ಛ ಎಂದೋ ಚೆದರಿಹೋಗಬೇಕಿತ್ತು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ತಿರುಗುವಿಕೆಯನ್ನು ಅಳೆದರು. ನಮ್ಮ ಸೌರವ್ಯೂಹದಲ್ಲಿ ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ಓಡಿದರೆ ದೂರದ ನೆಪ್ಚೂನ್ ಓಡುವುದು 5 ಕಿ.ಮೀ. ಚಿಲ್ಲರೆ, ದೂರ ಹೆಚ್ಚಿದಂತೆ ವೇಗ ಇಳಿಯುತ್ತದೆ. ಗೆಲಾಕ್ಸಿಯ ಅಂಚಿನಲ್ಲಿ ಅದು ಹಾಗೆ ಇಳಿಯಲಿಲ್ಲ. 1980ರಲ್ಲಿ ರೂಬಿನ್ ತಂಡದವರು 21 ಸುರುಳಿ ಗೆಲಾಕ್ಸಿಗಳ ಅಳತೆಯನ್ನು ಪ್ರಕಟಿಸಿದಾಗಲೂ ಅದೇ ಕಥೆ. ಲೆಕ್ಕದಲ್ಲಿ ಕೊರತೆ ಇರುವುದು ದಿಟ. ಅದನ್ನು ತುಂಬುವ ಬಾಬಿಗೆ ಇಟ್ಟ ಹೆಸರು ಕಪ್ಪು ದ್ರವ್ಯ.

ಕೂಡಿದ ಕ್ರಮವೇ ತಪ್ಪು ಎಂದವರೂ ಇದ್ದಾರೆ. ಇಸ್ರೇಲಿನ ಮಿಲ್ಗ್ರೋಮ್ 1983ರಲ್ಲಿ, ಸೆಳೆತ ಬಹಳ ಕ್ಷೀಣವಾದಲ್ಲಿ, ಅಂದರೆ ನಮ್ಮ ನೆಲದ ಮೇಲಿನ ಗುರುತ್ವದ ಸುಮಾರು 8,000 ಕೋಟಿಯಲ್ಲೊಂದು ಪಾಲಿಗೆ ಇಳಿದಲ್ಲಿ, ನ್ಯೂಟನ್ನನ ನಿಯಮವೇ ಬದಲಾಗುತ್ತದೆ ಎಂದರು. ಬರಿಯ ಮಾತಲ್ಲ, ಯಾವ ಬಗೆಯ ಗೆಲಾಕ್ಸಿ ಹೇಗೆ ತಿರುಗಬೇಕೆಂದು ಮೊದಲೇ ಹೇಳಿ ತಮ್ಮ ತಲೆಯನ್ನು ಒಡ್ಡಿದರು. ಮಂಕಾದ ಗೆಲಾಕ್ಸಿಗಳ ವಿಷಯದಲ್ಲಿ ಅವರ ಮಾತು ಸೊಗಸಾಗಿ ನಿಜವಾಯಿತು. ಗೆಲಾಕ್ಸಿ ಗುಚ್ಛಗಳಲ್ಲಿ ಮಾತ್ರ ಅವರ ಸೂತ್ರ ಹಾಕಿದರೂ ಲೆಕ್ಕ ಪೂರ್ತಿ ತುಂಬುವುದಿಲ್ಲ. ಮೇಲಾಗಿ 2006ರಲ್ಲಿ, ಡಿಕ್ಕಿ ಹೊಡೆದು ಹಾದುಹೋದ ಎರಡು ಗುಚ್ಛಗಳ ಪರಿಶೀಲನೆ ಬಂತು. ‘ಬುಲೆಟ್ ಗುಚ್ಛ’ ಎಂಬ ಅದರಲ್ಲಿ ಕಾಣುವ ದ್ರವ್ಯದ ಬಹುಪಾಲಾದ ಬಿಸಿ ಅನಿಲ ನಡುವೆ ತೊಡರಿ ಹಿಂದುಳಿದಿದೆ. ಬೆಳಕನ್ನು ಬಾಗಿಸುವ ಸೆಳೆತವೋ ಮುಂದೆ, ಗೆಲಾಕ್ಸಿಗಳ ಜೊತೆಗಿದೆ. ಕಪ್ಪು ದ್ರವ್ಯವಿಲ್ಲ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಹಾಗೆಂದು ಇದೆ ಎನ್ನುವವರು ಎದೆಯುಬ್ಬಿಸಿ ನಡೆಯುವಂತಿಲ್ಲ. ಅಮೆರಿಕದ ದಕ್ಷಿಣ ಡಕೋಟದ ಹಳೆಯ ಚಿನ್ನದ ಗಣಿಯೊಂದರಲ್ಲಿ, ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ, 7 ಟನ್ ದ್ರವ ಕ್ಸೆನಾನ್ ಇಟ್ಟುಕೊಂಡು ಈ ದ್ರವ್ಯದ ಕಣಕ್ಕಾಗಿ ಕಾಯುತ್ತಿದ್ದಾರೆ. 2022ರಲ್ಲಿ ಕೊಟ್ಟ ವರದಿಯಲ್ಲೂ 2024ರಲ್ಲಿ ಕೊಟ್ಟ ವರದಿಯಲ್ಲೂ ‘ಸಿಕ್ಕಿಲ್ಲ’ ಎಂದೇ ಬರೆದರು. ಆ ‘ಸಿಕ್ಕಿಲ್ಲ’ ಎಂಬ ಮಾತನ್ನು ಓದುಗರು ಗಮನಿಸಬೇಕು. ನಮ್ಮ ಯಾವ ಜ್ಯೋತಿಷಿ ‘ನನ್ನ ಲೆಕ್ಕ ಈ ವರ್ಷ ಫಲಿಸಲಿಲ್ಲ’ ಎಂದು ಅಚ್ಚು ಹಾಕಿಸಿದ್ದಾನೆ?

ಕಾಣದ್ದನ್ನು ಲೆಕ್ಕದಿಂದ ಊಹಿಸುವುದು ಹೊಸದಲ್ಲ. ಆ ಊಹೆ ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಯುರೇನಸ್ಸಿನ ಓಟ ತಾಳೆಯಾಗದಿದ್ದಾಗ ಲೆವೆರಿಯೇ ಇನ್ನೊಂದು ಗ್ರಹವಿರಬೇಕೆಂದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಓಟದ ಕೊರತೆಗೂ 1859ರಲ್ಲಿ ಅವರು ಅದೇ ಮದ್ದು ಹೇಳಿದರು. ವಲ್ಕನ್ ಎಂಬ ಆ ಗ್ರಹ ಸಿಗಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಿ ಆ ಕೊರತೆ ನೀಗಿದರು. ಆಗ ವಲ್ಕನ್ನಿಗೆ ಯಾರೂ ಗುಡಿ ಕಟ್ಟಲಿಲ್ಲ, ಅದನ್ನು ಕೈಬಿಟ್ಟರು.

ಮೂರನೆಯ ಉದಾಹರಣೆ ನಮ್ಮ ಮನೆಯದೇ. ಪರಮಾಣು ಕ್ಷಯದಲ್ಲಿ ಶಕ್ತಿಯ ಲೆಕ್ಕ ತಪ್ಪಿದಾಗ 1930ರಲ್ಲಿ ಪೌಲಿ ಕಾಣದ ಕಣವೊಂದನ್ನು ಊಹಿಸಿದರು. ಅದು ನ್ಯೂಟ್ರಿನೊ. ಪ್ರಯೋಗಕ್ಕೆ ಸಿಕ್ಕಿದ್ದು 1956ರಲ್ಲಿ, 26 ವರ್ಷಗಳ ಮೇಲೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಮೊದಲು ಹಿಡಿದವರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ತಳದಲ್ಲಿ, 2 ಕಿ.ಮೀ.ಗೂ ಹೆಚ್ಚು ಆಳದಲ್ಲಿ ಕಾದು ಕುಳಿತ ತಂಡವೂ ಒಂದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನ್, ಇಂಗ್ಲೆಂಡಿನವರೂ ಅದರಲ್ಲಿದ್ದರು. ಆ ಗಣಿ 2001ರಲ್ಲಿ ಮುಚ್ಚಿತು. ಕೊಲಾಬಾದ ಆ ಸಂಸ್ಥೆಯ ಮುಂದೆ ಹಾದುಹೋಗುವ ನಮ್ಮವರಲ್ಲಿ ಎಷ್ಟು ಮಂದಿ ಮಕ್ಕಳಿಗೆ ಈ ಕಥೆ ಹೇಳಿದ್ದೇವೆ?

ಹಾಗಾದರೆ ದೆವ್ವಕ್ಕೂ ಕಪ್ಪು ದ್ರವ್ಯಕ್ಕೂ ವ್ಯತ್ಯಾಸವೇನು? ಕಪ್ಪು ದ್ರವ್ಯ ನೆಪ್ಚೂನ್ ಆದೀತು, ನ್ಯೂಟ್ರಿನೊ ಆದೀತು, ವಲ್ಕನ್ನೂ ಆದೀತು. ಪುರಾವೆ ಇಂದು ಇದೆ ಎನ್ನುವ ಕಡೆಗೇ ಹೆಚ್ಚು ವಾಲಿದೆ ಎಂದು ನನ್ನ ಅಭಿಪ್ರಾಯ. ಆದರೆ ಅದು ಸೋಲಬಹುದಾದ ಪರೀಕ್ಷೆಗೆ ದಿನವೂ ಕೂಡುತ್ತಿದೆ. ಹುಣಿಸೆಮರದ ದೆವ್ವ ಅಂಥ ಯಾವ ಪರೀಕ್ಷೆಗೂ ಕೂಡುವುದಿಲ್ಲ. ಕಂಡರೆ ಇದೆ, ಕಾಣದಿದ್ದರೆ ನಮಗೆ ನೋಡುವ ಯೋಗ್ಯತೆ ಇಲ್ಲ!

ಮಿತ್ರರೇ, ಅನುಮಾನಪಡಿ, ಧಾರಾಳವಾಗಿ ಪಡಿ. ಮಿಲ್ಗ್ರೋಮ್ ಪಟ್ಟಂತೆ ಪಡಿ. ಅದೇ ಅನುಮಾನವನ್ನು ನಿಮ್ಮ ಮಗಳ ಜಾತಕದ ಮೇಲೂ ಒಂದಿಷ್ಟು ಪ್ರಯೋಗಿಸಿ. ಮುಂದಿನ ಸಲ ಗಾಡಿಯಲ್ಲಿ ಆಕೆ ಮಾತಾಡಲಿ, ನಾವಿಬ್ಬರೂ ಕೇಳೋಣ.