ರಸ್ತೆಗೆ ಹೆಸರು: ಮೊದಲು ಠರಾವು, ಆಮೇಲೆ ಫಲಕ

2022ರಲ್ಲಿ ಕಾರವಾರ ನಗರಸಭೆಯು ಊರೊಳಗಿನ ರಸ್ತೆ, ಬಡಾವಣೆಗಳಿಗೆ ಹೊಸ ನಾಮಫಲಕಗಳನ್ನು ಹಾಕಿಸಿತು. ಅವುಗಳಲ್ಲಿ ಕನ್ನಡದ ಜೊತೆಗೆ ದೇವನಾಗರಿ ಲಿಪಿಯಲ್ಲಿ ಕೊಂಕಣಿಯನ್ನೂ ಬರೆಸಲಾಗಿತ್ತು. ಕನ್ನಡ ಸಂಘಟನೆಗಳು ಆಕ್ಷೇಪ ಎತ್ತಿದವು. ದೇವನಾಗರಿ ಅಕ್ಷರಗಳ ಮೇಲೆ ಕಪ್ಪು ಬಣ್ಣ ಬಿತ್ತು. ಮನೆಯಲ್ಲಿ ಕೊಂಕಣಿ ಮಾತನಾಡುವ ಸಾವಿರಾರು ಜನ ನೊಂದುಕೊಂಡರು. ವಿಷಯ ನಗರಸಭೆಯ ಸಭೆಯಲ್ಲಿ ವಿವರವಾಗಿ ಚರ್ಚೆಗೆ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಇಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ಈ ಬರಹದ ಉದ್ದೇಶವಲ್ಲ. ಗಮನಿಸಬೇಕಾದ್ದು ಕೆಲಸ ನಡೆದ ಕ್ರಮವನ್ನು. ಫಲಕ ಮೊದಲು ಬಂತು, ಚರ್ಚೆ ಆಮೇಲೆ ಬಂತು. ನಮ್ಮ ರಾಜ್ಯದಲ್ಲಿ ರಸ್ತೆಯ ಹೆಸರಿಗಾಗಿ ನಡೆದ ಅನೇಕ ಜಗಳಗಳ ಮೂಲ ಈ ತಿರುಗುಮುರುಗಿನಲ್ಲೇ ಇದೆ. ಹೆಸರು ಕೆಟ್ಟದ್ದೆಂದು ಜನ ಸಿಟ್ಟಾಗುವುದು ಕಡಿಮೆ, ತಮ್ಮನ್ನು ಕೇಳಲಿಲ್ಲವೆಂದು ಸಿಟ್ಟಾಗುವುದೇ ಹೆಚ್ಚು.

ಹೆಸರಿಡುವ ಅಧಿಕಾರ ಯಾರದು?

ಬೀದಿಗಳಿಗೆ ಹೆಸರಿಡುವುದು, ಮನೆಗಳಿಗೆ ಸಂಖ್ಯೆ ಕೊಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಕಾರವಾರ ನಗರಸಭೆ ಮತ್ತು ಅಂಕೋಲಾ ಪುರಸಭೆ ಎರಡೂ ನಡೆಯುವುದು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ. ಒಬ್ಬ ಸದಸ್ಯರೋ ಒಂದು ಸಂಘವೋ ಮನವಿ ಕೊಡುತ್ತದೆ. ಅದು ಸಾಮಾನ್ಯ ಸಭೆಯ ಮುಂದೆ ಬರುತ್ತದೆ, ಠರಾವು ಆಗುತ್ತದೆ. ಸಾರ್ವಜನಿಕರ ಆಕ್ಷೇಪಣೆ ಕೇಳುವುದು, ಮೇಲಿನವರ ಅನುಮೋದನೆ ಪಡೆಯುವುದು ನಂತರದ ಮೆಟ್ಟಿಲುಗಳು. ಠರಾವು ಕಾನೂನಿಗೆ ವಿರುದ್ಧವೆಂದೋ ಶಾಂತಿಭಂಗಕ್ಕೆ ಕಾರಣವಾಗುವುದೆಂದೋ ಕಂಡರೆ ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ.

ಕೇಳಲು ಇದು ಚೆನ್ನಾಗಿಯೇ ಇದೆ. ಆದರೆ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಏನಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ನೋಡುತ್ತೇವೆ? 1992ರ 74ನೆಯ ಸಂವಿಧಾನ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಲಕ್ಷವನ್ನೂ ಮುಟ್ಟದ ಕಾರವಾರ, ಅದಕ್ಕಿಂತ ಚಿಕ್ಕದಾದ ಅಂಕೋಲಾ ಈ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಬೀದಿಯವರ ಮಾತು ಸಭೆಗೆ ಮುಟ್ಟಬೇಕಾದರೆ ಬೀದಿಯವರೇ ಬರೆದು ಕೊಡಬೇಕು.

ಬೇರೆ ಊರುಗಳ ಪಾಠ

ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯ ಪ್ರಕರಣ ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ವಿಜಯ ಬ್ಯಾಂಕನ್ನು ಬೆಳೆಸಿದ ಮೂಲ್ಕಿ ಸುಂದರರಾಮ ಶೆಟ್ಟಿಯವರ ಹೆಸರನ್ನು ಆ ರಸ್ತೆಗೆ ಇಡುವ ಪ್ರಸ್ತಾವಕ್ಕೆ 2017ರಲ್ಲಿ ಸರ್ಕಾರದ ಅನುಮೋದನೆ ಸಿಕ್ಕಿತು. ಆ ದಾರಿಗೆ ಸಂತ ಅಲೋಶಿಯಸ್ ಕಾಲೇಜು ರಸ್ತೆ ಎಂಬ ಹೆಸರು ಮೊದಲೇ ಇದೆ ಎಂದು ಇನ್ನೊಂದು ಕಡೆಯವರು ಹೇಳಿದರು. ಅನಾವರಣದ ಸಿದ್ಧತೆ ಮುಗಿದಿರುವಾಗಲೇ ಸರ್ಕಾರದ ತಡೆ ಬಂತು. ಅದರ ವಿರುದ್ಧ ಮತ್ತೆ ಪ್ರತಿಭಟನೆಗಳಾದವು.

ಶೆಟ್ಟಿಯವರ ಸೇವೆಯನ್ನು ಯಾರೂ ಅಲ್ಲಗಳೆಯಲಾರರು. 1880ರಿಂದ ವಿದ್ಯಾದಾನ ಮಾಡುತ್ತಿರುವ ಸಂಸ್ಥೆಯ ಹಿರಿಮೆಯನ್ನೂ ಅಲ್ಲಗಳೆಯಲಾಗದು. ಇಬ್ಬರೂ ಗೌರವಕ್ಕೆ ಯೋಗ್ಯರೇ. ಆದರೂ ಎರಡು ಸಮುದಾಯಗಳ ನಡುವೆ ಕಹಿ ಬೆಳೆಯಿತು. ಯಾವ ರಸ್ತೆಗೆ ಯಾವ ವರ್ಷ ಯಾವ ಠರಾವಿನ ಮೂಲಕ ಯಾವ ಹೆಸರು ಬಂದಿದೆ ಎಂಬ ಒಂದು ಪುಸ್ತಕ ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿದ್ದರೆ ಈ ಕಹಿಯ ಅರ್ಧದಷ್ಟಾದರೂ ತಪ್ಪುತ್ತಿತ್ತು.

ಮೈಸೂರಿನಲ್ಲಿ 2024ರ ಕೊನೆಗೆ ಆದದ್ದೂ ಇಂಥದೇ. ಜಯದೇವ ಆಸ್ಪತ್ರೆ ಮೊದಲಾದ ಆಸ್ಪತ್ರೆಗಳಿರುವ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ 'ಸಿದ್ದರಾಮಯ್ಯ ಆರೋಗ್ಯ ಮಾರ್ಗ' ಎಂದು ಹೆಸರಿಡಲು ಮಹಾನಗರ ಪಾಲಿಕೆ ಮುಂದಾಯಿತು. ಆಗ ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿರಲಿಲ್ಲ, ಆಡಳಿತಾಧಿಕಾರಿ ಇದ್ದರು. ಸಾರ್ವಜನಿಕರ ಆಕ್ಷೇಪಣೆಗೆ 30 ದಿನಗಳ ಕಾಲಾವಕಾಶ ಕೊಟ್ಟು ಪ್ರಕಟಣೆ ಹೊರಟಿತು. ಆ ದಾರಿಗೆ ಪ್ರಿನ್ಸೆಸ್ ರಸ್ತೆ ಎಂಬ ಹೆಸರಿತ್ತು, ಕ್ಷಯರೋಗದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪು ಅದರಲ್ಲಿದೆ ಎಂದು ಹಳೆಯ ನಕಾಶೆ ಹಿಡಿದು ಹಲವರು ವಾದಿಸಿದರು. ಬದುಕಿರುವ, ಅಧಿಕಾರದಲ್ಲಿರುವ ವ್ಯಕ್ತಿಯ ಹೆಸರು ಸರಿಯೇ ಎಂಬ ಪ್ರಶ್ನೆಯೂ ಎದ್ದಿತು. ಆದರೆ ಇಲ್ಲೊಂದು ಒಳ್ಳೆಯ ಅಂಶವಿತ್ತು. ಆ ಮೂವತ್ತು ದಿನಗಳು ಇದ್ದ ಕಾರಣ ಜನರಿಗೆ ಬಣ್ಣದ ಡಬ್ಬಿ ಬೇಕಾಗಲಿಲ್ಲ, ಕಾಗದ ಸಾಕಾಯಿತು.

ನಮಗೂ ಅದೇ ಅಳತೆಗೋಲು

ಇನ್ನೊಬ್ಬರಿಗೆ ಹೇಳುವ ಮಾತು ನಮಗೂ ಅನ್ವಯಿಸಬೇಕು. 2025ರ ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಹಬ್ಬದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಅಲ್ಲಿನ ಮೆಟ್ರೊ ನಿಲ್ದಾಣಕ್ಕೆ ಸಂತ ಮೇರಿಯ ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ ಹೇಳಿದರು. ಕಥೋಲಿಕರಾದ ನಮಗೆ ಅದು ಸಂತೋಷದ ಸುದ್ದಿ. ಅದರ ಬೆನ್ನಿಗೇ ವಿರೋಧವೂ ಬಂತು, ಶಿವಾಜಿಯ ಹೆಸರು ಹೋಗಬಾರದೆಂದು ಮಹಾರಾಷ್ಟ್ರದವರೆಗೂ ಮಾತು ಹಬ್ಬಿತು. ವೇದಿಕೆಯ ಮೇಲೆ ಸಿಕ್ಕಿದ ಭರವಸೆಯನ್ನು ಚಪ್ಪಾಳೆ ತಟ್ಟಿ ಸ್ವೀಕರಿಸುವುದು ಸುಲಭ. ಆ ನಿಲ್ದಾಣದ ಸುತ್ತಲಿನ ಬೇರೆ ಧರ್ಮದ ನೆರೆಹೊರೆಯವರನ್ನು ಕೇಳಿದ್ದೇವೆಯೇ ಎಂಬುದು ಕಷ್ಟದ ಪ್ರಶ್ನೆ. ಕಾರವಾರದಲ್ಲಿ ನಮ್ಮನ್ನು ಕೇಳಬೇಕೆಂದು ಬಯಸುವ ನಾವು ಶಿವಾಜಿನಗರದಲ್ಲಿ ಇತರರನ್ನು ಕೇಳಲೂ ಸಿದ್ಧರಿರಬೇಕು.

ಲಿಪಿಯ ವಿಷಯದಲ್ಲೂ ನಮ್ಮ ಸ್ಥಿತಿ ಸರಳವಾಗಿಲ್ಲ. ಕರಾವಳಿ ಕರ್ನಾಟಕದ ಕ್ರೈಸ್ತರು ಬಹುಕಾಲದಿಂದ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಓದಿ ಬರೆಯುತ್ತಿದ್ದಾರೆ. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ 'ರಾಕ್ಣೊ' ಪತ್ರಿಕೆಯೂ ಕನ್ನಡ ಲಿಪಿಯದು. ಗೋವೆಯ ನಮ್ಮ ಬಂಧುಗಳದು ರೋಮನ್ ಲಿಪಿ. ಕಾರವಾರದ ಇತರ ಕೊಂಕಣಿಗರಲ್ಲಿ ಅನೇಕರಿಗೆ ದೇವನಾಗರಿಯೇ ಆಪ್ತ. 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ ಭಾಷೆಗೆ ತನ್ನ ಊರಿನ ಫಲಕದಲ್ಲಿ ಸ್ಥಳ ಕೇಳುವ ಹಕ್ಕಿದೆ. ಕನ್ನಡ ನಾಡಿನಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಎಂಬುದೂ ನಿರ್ವಿವಾದ. ಅದರಲ್ಲೂ ಗಡಿ ವಿವಾದದ ಗಾಯವಿರುವ ಜಿಲ್ಲೆಯಲ್ಲಿ ದೇವನಾಗರಿ ಅಕ್ಷರ ಕಂಡಾಗ ಕನ್ನಡಿಗರಿಗೆ ಹಳೆಯ ಭಯ ಮರುಕಳಿಸುವುದು ಸಹಜ. 1967ರ ಮಹಾಜನ ವರದಿ ಕಾರವಾರವನ್ನು ಕರ್ನಾಟಕದಲ್ಲೇ ಉಳಿಸಿದರೂ ಮಹಾರಾಷ್ಟ್ರ ತನ್ನ ಬೇಡಿಕೆ ಬಿಟ್ಟಿಲ್ಲ. ಈ ಮೂರೂ ಮಾತುಗಳನ್ನು ಒಂದೇ ಮೇಜಿನ ಮುಂದೆ ಕುಳಿತು ಆಡಬೇಕಿತ್ತು. ಆ ಮೇಜು ಇರಬೇಕಾದ್ದು ನಗರಸಭೆಯ ಸಭಾಂಗಣದಲ್ಲಿ.

ಯಾವ ಹೆಸರು, ಯಾವ ರಸ್ತೆಗೆ?

ಕೋಡಿಭಾಗ, ಕಾಜುಭಾಗ, ಹಬ್ಬುವಾಡ, ನಂದನಗದ್ದಾ, ಸುಂಕೇರಿ, ಬೈತಖೋಲ. ಇವುಗಳನ್ನು ಯಾವ ಸಭೆಯೂ ಕುಳಿತು ಆರಿಸಿದ್ದಲ್ಲ. ಒಂದರ ಕೊನೆಗೆ ಗದ್ದೆ ಇದೆ, ಇನ್ನೊಂದರ ಕೊನೆಗೆ ವಾಡ ಇದೆ. ಕನ್ನಡ, ಕೊಂಕಣಿಗಳು ಈ ಹೆಸರುಗಳಲ್ಲಿ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿವೆ. ಇಂಥ ಹೆಸರುಗಳನ್ನು ಅಳಿಸಿ ದೊಡ್ಡವರ ಹೆಸರು ಹಾಕುವುದು ಅವರಿಗೂ ಗೌರವವಲ್ಲ. ನೌಕಾನೆಲೆಗಾಗಿ ಮನೆ ಬಿಟ್ಟ ಸಾವಿರಾರು ಕುಟುಂಬಗಳನ್ನು ನೆನೆಯಿರಿ. ತೋಡೂರು, ಹಾರವಾಡಗಳ ಕಡೆ ಅವರು ನೆಲೆಸಿದ ಜಾಗಕ್ಕೆ ಇಂದಿಗೂ ಬಾಯಲ್ಲಿರುವ ಹೆಸರು 'ಸೀಬರ್ಡ್ ಕಾಲೊನಿ'. ಬಿಟ್ಟುಬಂದ ಕೇರಿಯ ಹೆಸರನ್ನು ಅಲ್ಲಿನ ಒಂದು ಅಡ್ಡರಸ್ತೆಗಾದರೂ ಕೊಟ್ಟರೆ ಯಾರಿಗೆ ನಷ್ಟ?

ಹೊಸ ಹೆಸರು ಬೇಡವೆಂದಲ್ಲ. 1880ರ ದಶಕದ ಆರಂಭದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದು ತಂಗಿದ್ದ ರವೀಂದ್ರನಾಥ ಟಾಗೋರರ ಹೆಸರು ಕಾರವಾರದ ಕಡಲತೀರಕ್ಕೆ ಚೆನ್ನಾಗಿ ಒಪ್ಪಿದೆ. ಚೆಂಡಿಯಾ ಮೂಲದ ಪರಮವೀರ ಚಕ್ರ ಪುರಸ್ಕೃತ ರಾಮ ರಾಘೋಬ ರಾಣೆಯವರ ಹೆಸರನ್ನು 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಇಡಲಾಯಿತು.

ಅಂಕೋಲೆಗೆ ಹೆಸರುಗಳ ಬಡತನವಿಲ್ಲ. 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನು ಮುರಿದ ಊರು ಅದು. ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದ ದಿನಕರ ದೇಸಾಯಿಯವರ ತಾಲ್ಲೂಕು ಅದು. ಈಚೆಗೆ ಇಬ್ಬರು ಹಾಲಕ್ಕಿ ತಾಯಂದಿರನ್ನು ಅದು ಕಳೆದುಕೊಂಡಿದೆ. ಗಿಡ ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್ 16ರಂದು, ಹಾಡು ಉಳಿಸಿದ ಬಡಿಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿ 13ರಂದು ತೀರಿಕೊಂಡರು. ಇಬ್ಬರೂ ಪದ್ಮಶ್ರೀ ಪುರಸ್ಕೃತರು. ಅವರ ಹೆಸರಿನ ರಸ್ತೆ ಆಗಬೇಕೆಂದು ಯಾರಾದರೂ ಮನವಿ ಕೊಟ್ಟರೆ ಸಹಿ ಹಾಕುವವರಲ್ಲಿ ನಾವೂ ಇರೋಣ. ಆದರೆ ಹಾಲಕ್ಕಿ ಕೊಪ್ಪಗಳಿಗೆ ಹೋಗುವ ದಾರಿ ಮಳೆಗಾಲದಲ್ಲಿ ಕೆಸರಾಗಿಯೇ ಉಳಿದು ಪೇಟೆಯಲ್ಲಿ ಮಾತ್ರ ಫಲಕ ನಿಂತರೆ ಆ ಗೌರವ ಅರ್ಧವೇ.

ನಾವು ಮಾಡಬಹುದಾದ್ದು

ಹೆಸರಿನ ವಿಷಯ ಬರೀ ಭಾವನೆಯದಲ್ಲ. ಹೆಸರು ಬದಲಾದರೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ ಎಲ್ಲದರ ವಿಳಾಸವೂ ಗೊಂದಲವಾಗುತ್ತದೆ. ರಾತ್ರಿ ಆಂಬುಲೆನ್ಸ್ ಚಾಲಕನಿಗೆ, ರೋಗಿಯ ಅಭ್ಯಂಗಕ್ಕೆ ಹೊರಟ ಹೊಸ ಗುರುವಿಗೆ ಒಂದೇ ಬೀದಿಗೆ ಮೂರು ಹೆಸರಿದ್ದರೆ ಎಷ್ಟು ತೊಂದರೆ ಎಂಬುದು ಧರ್ಮಕೇಂದ್ರಗಳಲ್ಲಿ ದುಡಿಯುವ ಎಲ್ಲರಿಗೂ ಗೊತ್ತು. ಆದ್ದರಿಂದ ಧರ್ಮಕೇಂದ್ರದ ಪಾಲನಾ ಸಮಿತಿಗಳಿಗೂ ಗುರ್ಕಾರರಿಗೂ ನಾಲ್ಕು ಸಲಹೆಗಳು.

ಒಂದು, ನಿಮ್ಮ ವಾಡೆಯ ಓಣಿ, ಕೇರಿಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿ. ಚರ್ಚಿನ ಹಳೆಯ ಜ್ಞಾನಸ್ನಾನ ಪುಸ್ತಕಗಳಲ್ಲಿ ಕುಟುಂಬದ ಊರು, ಕೇರಿ ಬರೆದಿದ್ದರೆ ಅದೂ ಒಂದು ದಾಖಲೆಯೇ.

ಎರಡು, ನಿಮ್ಮ ರಸ್ತೆಯ ಹೆಸರಿನ ಠರಾವು ಇದೆಯೇ ಎಂದು ನಗರಸಭೆಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕೆಂಬ ನಿಯಮವಿದೆ.

ಮೂರು, ಆಕ್ಷೇಪಣೆ ಕರೆದಾಗ ಬರೆದು ಕೊಡಿ. ವಿರೋಧವಿದ್ದರೆ ಮಾತ್ರವಲ್ಲ, ಒಪ್ಪಿಗೆಯಿದ್ದರೂ ಬರೆದು ಕೊಡಿ. ಒಬ್ಬರೇ ಹೋಗದೆ, ಅದೇ ಬೀದಿಯ ಹಿಂದೂ, ಮುಸ್ಲಿಂ ನೆರೆಯವರ ಜೊತೆ ಹೋಗಿ.

ನಾಲ್ಕು, ದೊಡ್ಡವರನ್ನು ಗೌರವಿಸಲು ಹೆಸರಿಲ್ಲದ ಹೊಸ ರಸ್ತೆಗಳನ್ನು ಆರಿಸಿ. ಇರುವ ಹೆಸರನ್ನು ತೆಗೆಯುವ ಪ್ರಸ್ತಾವ ನಮ್ಮ ಕಡೆಯಿಂದ ಬಾರದಿರಲಿ.

ಕಾರವಾರದಲ್ಲಿ ಗ್ರೀನ್ ಸ್ಟ್ರೀಟ್ ಎಂದರೆ ಯಾವ ರಿಕ್ಷಾದವನೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಜನರ ಬಾಯಲ್ಲಿ ಉಳಿಯುವ ಹೆಸರು ಜನರು ಒಪ್ಪಿದ ಹೆಸರು ಮಾತ್ರ. ಮುಂದಿನ ಸಲ ನಿಮ್ಮ ಬೀದಿಯ ತುದಿಯಲ್ಲಿ ಫಲಕದ ಕಂಬ ನೆಡಲು ಗುಂಡಿ ತೋಡುವುದನ್ನು ಕಂಡರೆ, ಠರಾವು ಯಾವಾಗ ಆಯಿತು ಎಂದು ಒಮ್ಮೆ ಕೇಳಿ. ಗುಂಡಿ ತೋಡುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.